ಮಸಿ ಹಿಡಿದ ಹೆಂಚು

ಕುಣಿಗಲ್ಲಿನ ಹೈಸ್ಕೂಲಿನಲ್ಲಿ ಕಳೆದ ತಿಂಗಳು ಮೇಷ್ಟರಿಗೆ ಶ್ರದ್ಧಾಂಜಲಿ ಸಭೆ ನಡೆಯಿತು. ಗುಬ್ಬಿಯಿಂದ ನಾನೂ ಹೋಗಿದ್ದೆ. ಹೋಗದೆ ಇರಬಹುದಿತ್ತು. ಆದರೆ ಎಷ್ಟೋ ವರ್ಷ ಒಂದೇ ಸ್ಕೂಲಿನಲ್ಲಿ, ನಡುವೆ ಒಂದೇ ಗೋಡೆ ಇಟ್ಟುಕೊಂಡು ಪಾಠ ಮಾಡಿದವರು, ಮನಸ್ಸು ಕೇಳಲಿಲ್ಲ. ಸಭೆಯಲ್ಲಿ ಮಾತಾಡಿದವರೊಬ್ಬರು, "ನಮ್ಮ ಮೇಷ್ಟರು ಹೆಂಚಿನ ವಿಷಯದಲ್ಲಿ ಒಂದೇ ಒಂದು ಸುಳ್ಳೂ ಹೇಳಿದವರಲ್ಲ" ಎಂದರು. ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ. ಅದು ನಿಜ. ಆ ನಿಜದಿಂದಲೇ ನನ್ನ ಅಕ್ಕ ಮನೆ ಕಳೆದುಕೊಂಡಳು.

ಮೇಷ್ಟರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರ ಹೆಂಡತಿ ಇದ್ದಾರೆ, ಒಳ್ಳೆಯ ಹೆಂಗಸು. ನನ್ನ ಕೈಯ ಕಾಫಿ ಅವರು ಕುಡಿದಿದ್ದಾರೆ, ಅವರ ಕೈಯ ಊಟ ನಾನು ಉಂಡಿದ್ದೇನೆ. ಸಭೆಯಲ್ಲಿ ಹೊಗಳಿಸಿಕೊಂಡ ಮೇಷ್ಟರು ಬೇರೆ, ನಾನು ಕಂಡವರು ಬೇರೆ ಎಂದು ಹೇಳುವಂತಿದ್ದರೆ ಸುಲಭವಾಗುತ್ತಿತ್ತು. ಇಬ್ಬರೂ ಒಬ್ಬರೇ. ಅದೇ ಕಷ್ಟ.

ಅವರು ಗುಬ್ಬಿಯ ಮಿಡ್ಲ್ ಸ್ಕೂಲಿಗೆ ಚರಿತ್ರೆ ಪಾಠಕ್ಕೆ ಬಂದದ್ದು, ರಾಜ್ಯ ದೊಡ್ಡದಾಗಿ ತರಗತಿಯ ಗೋಡೆಗೆಲ್ಲ ಹೊಸ ಭೂಪಟ ತೂಗುಹಾಕಿದ ವರ್ಷ. ಎತ್ತರದ ಆಳು. ಬಿಳಿ ಪಂಚೆ, ಮೇಲೊಂದು ಕಂದು ಕೋಟು. ಆ ಕೋಟಿನ ಎರಡು ಜೇಬೂ ಹಸುವಿನ ಕೆಚ್ಚಲಿನ ಹಾಗೆ ಜೋತಾಡುತ್ತಿದ್ದವು. ಒಳಗೆ ಹೆಂಚಿನ ಚೂರು. ಜೇಬು ಹರಿದು ಹರಿದು ಬೇಸತ್ತು ಅವರ ಹೆಂಡತಿ ಕೊನೆಗೆ ಹಾಸಿಗೆ ಬಟ್ಟೆ ಕತ್ತರಿಸಿ ಎರಡು ಪದರದ ಜೇಬು ಹೊಲಿದುಕೊಟ್ಟಿದ್ದರು. ನಡೆದರೆ ಕಟಕಟ ಸದ್ದು. ಹುಡುಗರಿಗೆ ಅದೇ ಗಂಟೆ. ಸದ್ದು ಕೇಳಿದ ಕೂಡಲೇ ಗಲಾಟೆ ನಿಲ್ಲುತ್ತಿತ್ತು.

ರಸ್ತೆಯ ಬದಿಯಲ್ಲಿ, ಬಾವಿಕಟ್ಟೆಯ ಹತ್ತಿರ, ತಿಪ್ಪೆಯ ಪಕ್ಕ, ಎಲ್ಲಿ ಹೆಂಚಿನ ಚೂರು ಕಂಡರೂ ಬಗ್ಗುವರು. ಮೊದಲು ಹೆಬ್ಬೆರಳಿನಿಂದ ಮಣ್ಣು ಉಜ್ಜುವುದು. ಆಮೇಲೆ ಕಿವಿಯ ಹತ್ತಿರ ಹಿಡಿದು ಬೆರಳ ಗಿಣ್ಣಿನಿಂದ ತಟ್ಟುವುದು. ಕೊನೆಗೆ ಮೂಲೆಯನ್ನು ಚೂರೇ ಚೂರು ಮುರಿದು, ಆ ಹೊಸ ಮುರುಕನ್ನು ನಾಲಗೆಗೆ ತಾಗಿಸುವುದು. ಹಳೆಯ ಹೆಂಚು ಅರೆಬರೆ ಬೆಂದದ್ದು, ನಾಲಗೆಗೆ ಅಂಟಿಕೊಳ್ಳುತ್ತದೆ. ಚೆನ್ನಾಗಿ ಬೆಂದದ್ದು ಅಂಟುವುದಿಲ್ಲ. ಇಷ್ಟೇ ಸಂಗತಿ. ಆದರೆ ಊರಿನ ಹುಡುಗರು ಬಿಟ್ಟಾರೆಯೇ? 'ಹೆಂಚು ನೆಕ್ಕೋ ಮೇಷ್ಟ್ರು' ಎಂದು ಹೆಸರು ಬಿತ್ತು. ಅದನ್ನು ಕೇಳಿ ಅವರು ಒಂದು ದಿನವೂ ಮುಖ ಗಂಟಿಕ್ಕಲಿಲ್ಲ. "ನೆಕ್ಕಿ ನೋಡ್ರೋ, ಉಪ್ಪು ಖಾರ ಗೊತ್ತಾಗುತ್ತೆ" ಎನ್ನುತ್ತಿದ್ದರು.

ಒಂದು ಸಲ ನಮ್ಮ ಹೆಡ್‌ಮಾಸ್ಟರು ಅವರನ್ನು ಪರೀಕ್ಷೆ ಮಾಡಬೇಕೆಂದು ಒಂದು ಚೂರು ತಂದು, "ಇದು ಹೆಬ್ಬೂರಿನ ಹತ್ತಿರ ಹಳೇ ದಿಬ್ಬದ ಮೇಲೆ ಸಿಕ್ತು, ಯಾವ ರಾಜನ ಕಾಲದ್ದು ಹೇಳಿ ನೋಡೋಣ" ಎಂದರು. ನಾವೆಲ್ಲ ಸುತ್ತ ಸೇರಿದೆವು. ಮೇಷ್ಟರು ತಟ್ಟಿದರು, ಉಜ್ಜಿದರು, ಮೂಸಿದರು.

"ಸಾರ್, ಹೆಂಚು ಹುಟ್ಟಿದ್ದು ಪ್ಲೇಗಿನ ಕಾಲದಲ್ಲಿ. ಆಮೇಲೆ ಬಹಳ ವರ್ಷ ಬಚ್ಚಲಮನೆ ಮೇಲಿತ್ತು. ಸೀಗೆಕಾಯಿ ವಾಸನೆ, ಹೊಗೆ ವಾಸನೆ ಇನ್ನೂ ಹೋಗಿಲ್ಲ. ತಮ್ಮ ಬಚ್ಚಲು ಈಗ ಸೋರ್ತಾ ಇರಬೇಕಲ್ಲ?"

ಹೆಡ್‌ಮಾಸ್ಟರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ನಿಜಕ್ಕೂ ಅವರ ಬಚ್ಚಲಿನದೇ.

ತರಗತಿಯಲ್ಲಿ ಅವರಿಗೆ ಒಂದೇ ಒಂದು ಬೆತ್ತ, ಅದು 'ಮುಂದೆ?' ಎನ್ನುವ ಮಾತು. ಹುಡುಗ ಉತ್ತರವನ್ನು ಅರ್ಧಕ್ಕೆ ನಿಲ್ಲಿಸಿದರೆ ಬಿಡುತ್ತಿರಲಿಲ್ಲ. ಗೋಡೆಯ ಈಚೆ ನನಗೆ ಕೇಳುತ್ತಿತ್ತು.

"ರಾಜ ಕೆರೆ ಕಟ್ಟಿಸ್ದ ಸಾರ್."

"ಮುಂದೆ?"

"ನೀರು ನಿಂತ್ಕೊಂತು ಸಾರ್."

"ಮುಂದೆ?"

"ಭತ್ತ ಬೆಳುದ್ರು ಸಾರ್."

"ಮುಂದೆ?"

"ಉಂಡ್ರು ಸಾರ್!"

ಎರಡು ತರಗತಿಯೂ ಒಟ್ಟಿಗೆ ನಗುತ್ತಿತ್ತು. ಆದರೆ ಅರ್ಧ ಹೇಳಿ ಕೂತುಕೊಳ್ಳುವ ಹುಡುಗ ಮಾತ್ರ ಅವರ ತರಗತಿಯಲ್ಲಿ ಒಬ್ಬನೂ ಉಳಿಯಲಿಲ್ಲ.

ನನಗೆ ಹೆಂಚಿನ ಹುಚ್ಚು ಅಂಟಿಸಿದವರೂ ಅವರೇ. ಮಧ್ಯಾಹ್ನ ಊಟದ ಡಬ್ಬಿ ಮುಚ್ಚಿದ ಮೇಲೆ ಮೇಜಿನ ಮೇಲೆ ನಾಲ್ಕು ಚೂರು ಇಟ್ಟು, "ಹೇಳಿ ಟೀಚರಮ್ಮ, ಇವರಲ್ಲಿ ಅಜ್ಜಿ ಯಾರು, ಮೊಮ್ಮಗಳು ಯಾರು?" ಎಂದು ಕೇಳುವರು. ಕುಂಬಾರ ಚಕ್ರದ ಮೇಲೆ ಉದ್ದನೆ ಕೊಳವೆ ಎತ್ತಿ, ಹಸಿ ಇರುವಾಗಲೇ ಎರಡು ಕಡೆ ಗೀರಿ, ಸುಟ್ಟ ಮೇಲೆ ಸೀಳಿ ಮಾಡುವುದು ನಾಡಹೆಂಚು. ಅಂಚಿನಲ್ಲಿ ಗೀರಿದ ಕಡೆ ನುಣುಪು, ಸೀಳಿದ ಕಡೆ ಒರಟು. ಹಳಬರು ಆಳವಾಗಿ ಗೀರುತ್ತಿರಲಿಲ್ಲ, ಆದ್ದರಿಂದ ಹಳೆಯ ಹೆಂಚಿನಲ್ಲಿ ಒರಟು ಹೆಚ್ಚು. ಮಣ್ಣಿಗೆ ಹೊಟ್ಟು ಬೆರೆಸಿದ್ದರೆ ಒಳಗೆ ಕಪ್ಪು ಪಟ್ಟಿ ಕಾಣುತ್ತದೆ. ದಪ್ಪ ಇದ್ದಷ್ಟೂ ಹಿಂದಿನದು. ಇಂಥದ್ದು ಇಂಥ ಕಾಲದ್ದು ಎಂದು ಹೇಳಲು ಅವರು ಇಸವಿ ಕೆತ್ತಿದ ಛತ್ರ, ಮಂಟಪಗಳ ಸೂರಿನಿಂದ ಬಿದ್ದ ಚೂರುಗಳನ್ನು ಆರಿಸಿ ಇಟ್ಟುಕೊಂಡಿದ್ದರು. ಹೊಸದಾಗಿ ಸಿಕ್ಕಿದ್ದನ್ನು ಅವುಗಳ ಪಕ್ಕದಲ್ಲಿಟ್ಟು ನೋಡುವರು. ದೇವರಾಯನದುರ್ಗಕ್ಕೆ ಮಕ್ಕಳನ್ನು ಕರೆದುಕೊಂಡು ಹೋದಾಗ ಎಲ್ಲರೂ ಕೋತಿ ನೋಡುತ್ತಿದ್ದರೆ ಇವರು ಗೋಡೆ ಬುಡದಲ್ಲಿ ಕೂತು ಹೆಂಚು ನೋಡುತ್ತಿದ್ದರು. ಕೋತಿ ಬಂದು ಅವರ ಬುತ್ತಿ ಎತ್ತಿಕೊಂಡು ಹೋಗಿದ್ದು ಅವರಿಗೆ ತಿಳಿಯಲೇ ಇಲ್ಲ.

ಇದೆಲ್ಲಕ್ಕೂ ಮೊದಲು ಅವರು ಕಲಿಸಿದ ಪಾಠ ಇನ್ನೊಂದು. "ಹೆಂಚಿನ ವಯಸ್ಸೇ ಬೇರೆ, ಮನೆ ವಯಸ್ಸೇ ಬೇರೆ ಟೀಚರಮ್ಮ. ಹೆಂಚು ನಡೆಯುತ್ತೆ. ಅಜ್ಜನ ಮನೆಯಿಂದ ಮೊಮ್ಮಗನ ಮನೆಗೆ ನಡೆಯುತ್ತೆ, ಬಿದ್ದ ಗುಡಿಯಿಂದ ಕೊಟ್ಟಿಗೆಗೆ ನಡೆಯುತ್ತೆ. ಹಳೇ ಹೆಂಚು ಕಂಡ ತಕ್ಷಣ ಹಳೇ ಮನೆ ಅಂದ್ಬಿಟ್ರೆ ಅದು ಹೆಂಚು ನೋಡಿದ ಹಾಗಲ್ಲ, ತಿಂದ ಹಾಗೆ." ಇದನ್ನು ಅವರು ಎಷ್ಟು ಸಲ ಹೇಳಿದ್ದರೆಂದರೆ ನಾನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಒಪ್ಪಿಸುತ್ತಿದ್ದೆ.

ಅವರ ಮನೆಯಲ್ಲಿ ಇದ್ದದ್ದು ಎರಡು ಕೋಣೆ. ಹೆಂಚಿನ ಚೂರುಗಳು ಸೀಮೆಎಣ್ಣೆ ಡಬ್ಬಗಳಲ್ಲಿ, ಗೋಣಿಚೀಲಗಳಲ್ಲಿ. "ಎಲ್ಲರ ಮನೇಲೂ ಹೆಂಚು ತಲೆ ಮೇಲಿರುತ್ತೆ ಕಣ್ರೀ, ನಮ್ಮನೇಲಿ ಮಂಚದ ಕೆಳಗೆ" ಎಂದು ಅವರ ಹೆಂಡತಿ ನಗುವರು. ವರ್ಗವಾದಾಗಲೆಲ್ಲ ಒಂದೆರಡು ಚೀಲ ಹೋಗುತ್ತಿತ್ತು. ಹಿಂದೊಮ್ಮೆ ಗಾಡಿಯವನು ಚಕ್ರ ಹೂತುಕೊಂಡಿತೆಂದು ಒಂದು ಚೀಲ ಹೆಂಚನ್ನು ಹಾಗೆಯೇ ಕೆಸರಿಗೆ ಸುರಿದುಬಿಟ್ಟನಂತೆ. ಆ ಕತೆ ಹೇಳುವಾಗ ಮೇಷ್ಟರ ಧ್ವನಿ ಸತ್ತವರ ವಿಷಯ ಹೇಳುವ ಧ್ವನಿ. ಕತೆ ಮುಗಿದ ಮೇಲೆ ಯಾವಾಗಲೂ ಒಂದೇ ಮಾತು: "ನನಗೊಂದು ರೂಮು ಕೊಟ್ರೆ ಸಾಕು. ಗೋಡೆ ತುಂಬ ಕಪಾಟು. ಮಕ್ಕಳು ಬಂದು ನೋಡಬೇಕು. ಇನ್ನೇನೂ ಬೇಡ."

ಬೇರೆ ಯಾವ ಆಸೆಯೂ ಇಲ್ಲದ ಮನುಷ್ಯ ಎಂದು ಆಗ ನನಗೆ ಗೌರವ ಹೆಚ್ಚಾಗುತ್ತಿತ್ತು.

ನನ್ನ ಅಕ್ಕನನ್ನು ಕೊಟ್ಟಿದ್ದು ಅಮೃತೂರಿನ ಹತ್ತಿರದ ಹಳ್ಳಿಗೆ. ಭಾವ ಮತ್ತು ಅವರ ತಮ್ಮ ಇಬ್ಬರೇ. ಭಾಗ ಆದ ಮೇಲೆ ಭಾವ ಹಿತ್ತಲಿನಲ್ಲಿ ತಮ್ಮ ಪಾಲಿಗೆ ಬಂದ ಜಾಗದಲ್ಲಿ ಸ್ವಂತ ದುಡಿಮೆಯಲ್ಲಿ ಒಂದು ಮನೆ ಕಟ್ಟಿದರು. ನಡುಮನೆ, ಹಿಂದೆ ಒಂದು ಅಡುಗೆಮನೆ, ಮುಂದೆ ಜಗಲಿ. ಮಕ್ಕಳಾಗಲಿಲ್ಲ. ಭಾವ ಹೋದ ಮೇಲೆ ಅಕ್ಕ ಅಲ್ಲಿಯೇ ಎರಡು ಎಮ್ಮೆ ಕಟ್ಟಿಕೊಂಡು ಇದ್ದಳು. "ನಮ್ಮೆಜಮಾನ್ರು ನಂಗೆ ಅಂತ ಕಟ್ಟಿದ್ದು, ಇಲ್ಲೇ ಸಾಯ್ತೀನಿ" ಎನ್ನುವಳು.

ಒಂದು ಬೇಸಗೆಯಲ್ಲಿ ಅಕ್ಕ, "ಮಳೆ ಬರೋಕೆ ಮುಂಚೆ ಹೆಂಚು ಕೈಯಾಡಿಸ್ಬೇಕು, ಬಾರೇ" ಎಂದು ಹೇಳಿ ಕಳಿಸಿದಳು. ನಾಡಹೆಂಚಿನ ಮನೆಗೆ ಇದು ಎರಡು ವರ್ಷಕ್ಕೊಮ್ಮೆಯಾದರೂ ಇದ್ದದ್ದೇ. ಎಲ್ಲವನ್ನೂ ಇಳಿಸಿ, ಒಡೆದದ್ದು ತೆಗೆದು, ಮತ್ತೆ ಹೊದಿಸುವುದು. ಹೆಂಚು ಇಳಿಸುತ್ತಾರೆ ಎಂದರೆ ಮೇಷ್ಟರು ಬಿಡುವರೇ? ನಮ್ಮ ಮನೆಯವರು, ನಾನು, ಮೇಷ್ಟರು, ಮೂವರೂ ತುಮಕೂರಿಗೆ ಬಂದು, ಅಲ್ಲಿಂದ ಬಸ್ಸು ಹಿಡಿದು ಹೋದೆವು. ಹೋದವರೇ ಮೇಷ್ಟರು ಕೋಟು ಬಿಚ್ಚಿ ಏಣಿ ಹತ್ತಿದರು. ಸ್ವಲ್ಪ ಹೊತ್ತಿಗೆ ಮೇಲಿನಿಂದ ಕೂಗಿದರು.

"ಅಮ್ಮಾ, ಈ ನಡುಮನೇಲಿ ಯಾವತ್ತಾದರೂ ಒಲೆ ಇತ್ತಾ?"

"ಇಲ್ಲ ಮೇಷ್ಟ್ರೇ, ನಡುಮನೇಲಿ ಯಾರಾದ್ರೂ ಒಲೆ ಹಾಕ್ತಾರಾ?" ಎಂದಳು ಅಕ್ಕ.

ಅವರು ಒಂದು ಹೆಂಚನ್ನು ಮಗುವನ್ನು ಇಳಿಸುವ ಹಾಗೆ ಎರಡು ಕೈಯಲ್ಲಿ ಹಿಡಿದು ಇಳಿದು ಬಂದರು. ಅದರ ಒಳಮೈ ತುಂಬ ಗಟ್ಟಿ ಮಸಿ, ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು. "ನೋಡಿ, ಇದು ತಲೆಮಾರಿನ ಅಡುಗೆ ಹೊಗೆ ಕುಡಿದ ಹೆಂಚು. ನಮ್ಮ ತಾತಂದಿರ ಕಾಲದ ದೊಡ್ಡ ಬರಕ್ಕೂ ಹಿಂದಿನದು. ಆದರೆ ಇಲ್ಲಿ ಒಲೆ ಇರಲಿಲ್ಲ. ಅಂದ್ರೆ ಇದು ನಿಮ್ಮನೇಲಿ ಹುಟ್ಟಿದ್ದಲ್ಲ, ನಡೆದು ಬಂದದ್ದು. ಎಲ್ಲಿಂದ?"

ಅಕ್ಕ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ ಶಿವನೇ! ನಮ್ಮತ್ತೆ ಮನೆ ಹಳೇ ಅಡುಗೆಮನೆ ಕಿತ್ತಾಕುದ್ರಲ್ಲ, ಭಾಗ ಆದಾಗ..." ಎಂದು ನಿಲ್ಲಿಸಿದಳು.

"ಮುಂದೆ?" ಎಂದರು ಮೇಷ್ಟರು, ತರಗತಿಯ ಧ್ವನಿಯಲ್ಲೇ.

"ಏನ್ ಮೇಷ್ಟ್ರೇ, ನನ್ನೂ ಬೆಂಚಿನ ಮ್ಯಾಲೆ ನಿಲ್ಲಿಸ್ತೀರಾ?" ಅಕ್ಕ ನಕ್ಕಳು. "ಆ ಹೆಂಚು ನಮ್ಮೆಜಮಾನ್ರ ಪಾಲಿಗೆ ಬಂತು. ಈ ಮನೆ ಕಟ್ಟುವಾಗ ನಾನೇ ಮಂಕರೀಲಿ ಹೊತ್ತು ಹಾಕಿದ್ದು. ತಲೆ ಕೂದ್ಲೆಲ್ಲ ಮಸಿ ಆಗಿ, ಮೂರು ದಿನ ಎರಕೊಂಡ್ರೂ ಹೋಗ್ಲಿಲ್ಲ."

ಮೇಷ್ಟರಿಗೆ ಆ ದಿನ ಹಬ್ಬ. ಹೆಂಚು ಹೊದಿಸುವ ಆಳುಗಳನ್ನು ಸುತ್ತ ಕೂರಿಸಿಕೊಂಡು ಮಸಿಯ ಮೇಲೆ ಪಾಠ ಮಾಡಿದರು. ಅವತ್ತಿನಿಂದ 'ಮುಂದೆ?' ಎನ್ನುವುದು ಅಕ್ಕನ ಬಾಯಿಗೂ ಬಂತು. ನಾನು ನನ್ನ ಓರಗಿತ್ತಿಯರ ಚಾಡಿ ಅರ್ಧ ಹೇಳಿ ನಿಲ್ಲಿಸಿದರೆ, ರಾಗಿ ಬೀಸುತ್ತಲೇ "ಮುಂದೆ?" ಎನ್ನುವಳು.

ಆಮೇಲೆ ಮೇಷ್ಟರಿಗೆ ಕುಣಿಗಲ್ಲಿಗೆ ವರ್ಗವಾಯಿತು. ಕಾಗದ ಬರೆಯುತ್ತಿದ್ದರು, ಬಿಡುವಿದ್ದಾಗ ಅಕ್ಕನನ್ನೂ ನೋಡಿಕೊಂಡು ಹೋಗುತ್ತಿದ್ದರು.

ಎರಡು ವರ್ಷ ಕಳೆದಿರಬೇಕು. ಅಕ್ಕನ ಮೈದುನ ತಗಾದೆ ತೆಗೆದ. ಆ ಮನೆ ಭಾಗಕ್ಕಿಂತ ಮುಂಚೆಯೇ ಇತ್ತು, ಒಟ್ಟು ಕುಟುಂಬದ್ದು, ಹಂಚಿಕೆಯಲ್ಲಿ ಬಿಟ್ಟುಹೋಗಿತ್ತು, ಅಣ್ಣನಿಗೆ ಮಕ್ಕಳಿಲ್ಲದ್ದರಿಂದ ಈಗ ತನಗೇ ಬರಬೇಕು ಎಂದು ಅವನ ವಾದ. ಕಾಗದ ಪತ್ರ ಯಾವುದೂ ಇರಲಿಲ್ಲ. ಭಾಗವೆಲ್ಲ ಬಾಯಿಮಾತಿನಲ್ಲಿ ಆದದ್ದು. ಮನೆ ಯಾವಾಗ ಕಟ್ಟಿದ್ದೆಂದು ಊರಿಗೆಲ್ಲ ಗೊತ್ತು. ಆದರೆ ಅರ್ಧ ಊರು ಅವನ ಬಾವಿಯ ನೀರು ಕುಡಿಯುತ್ತಿತ್ತು, ಇನ್ನರ್ಧ ಅವನ ತೋಟದಲ್ಲಿ ಕೂಲಿಗೆ ಹೋಗುತ್ತಿತ್ತು. "ಯಾವಾಗ್ಲೋ ಕಟ್ಟಿದ್ರು ಕಣವ್ವ, ನೆಪ್ಪಿಲ್ಲ ಬುಡು" ಎಂದು ಒಬ್ಬೊಬ್ಬರೂ ಜಾರಿಕೊಂಡರು.

ಆಗ ಅಕ್ಕನೇ ಪಂಚಾಯ್ತಿಯವರ ಮುಂದೆ ಹೇಳಿದಳು: "ಕುಣಿಗಲ್ ಮೇಷ್ಟ್ರನ್ನ ಕರೆಸಿ. ಅವ್ರು ಹೆಂಚು ನೋಡಿ ಹೇಳ್ಲಿ. ಅವ್ರು ಏನೇಳುದ್ರೂ ನಾನು ಒಪ್ಕೊಂತೀನಿ." ಮೈದುನ ಒಂದು ಕ್ಷಣವೂ ಯೋಚಿಸದೆ, "ನಾನೂ ಒಪ್ಕೊಂತೀನಿ" ಎಂದ. ಅವನು ಅಷ್ಟು ಬೇಗ ಒಪ್ಪಿದ್ದು ನಮಗೆ ಅರ್ಥವಾಗಲಿಲ್ಲ. ಅಕ್ಕನಂತೂ ಅವತ್ತು ಗೆದ್ದೆ ಎಂದೇ ಪಾಯಸ ಮಾಡಿದಳು.

ಯುಗಾದಿ ಕಳೆದ ಮೇಲೆ ಒಂದು ಭಾನುವಾರ ಅಕ್ಕನ ಜಗಲಿಯ ಮೇಲೆಯೇ ಪಂಚಾಯ್ತಿ ಕೂತಿತು. ಮೇಷ್ಟರು ಬಂದರು. ಅದೇ ಕೋಟು, ಜೇಬಿನಲ್ಲಿ ಅದೇ ಸದ್ದು. ಅಕ್ಕ ತಂದ ಮಜ್ಜಿಗೆಯನ್ನು ಕುಡಿದರು, ಮುಖ ಮಾತ್ರ ಎತ್ತಲಿಲ್ಲ. ಆಳು ನಡುಮನೆಯ ಮಾಡಿನಿಂದ ಒಂದು ಹೆಂಚು ತೆಗೆದುಕೊಟ್ಟ. ಮಸಿ ಹಾಗೆಯೇ ಇತ್ತು. ಅವರು ತಟ್ಟಿದರು, ಉಜ್ಜಿದರು, ಮೂಲೆ ಮುರಿದು ನಾಲಗೆಗೆ ತಾಗಿಸಿದರು. ಯಾವುದನ್ನೂ ಬಿಡಲಿಲ್ಲ.

"ಹೆಂಚು ಹಳೇದು. ದೊಡ್ಡ ಬರಕ್ಕಿಂತ ಹಿಂದಿನದು. ಅದರಲ್ಲಿ ಅನುಮಾನ ಇಲ್ಲ" ಎಂದರು.

ಪಂಚಾಯ್ತಿಯ ಹಿರಿಯರು, "ಅಂದ್ರೆ ಇವರು ಭಾಗ ಆಗೋದಕ್ಕಿಂತ ಎಷ್ಟೋ ಮುಂಚಿನದು" ಎಂದರು.

"ಹೌದು, ಹೆಂಚು ಎಷ್ಟೋ ಮುಂಚಿನದು."

ನಾನು ಕಾದೆ. ಈಗ ಹೇಳುತ್ತಾರೆ, ಮಸಿ ತೋರಿಸುತ್ತಾರೆ, ಹೆಂಚು ನಡೆಯುತ್ತೆ ಎನ್ನುತ್ತಾರೆ ಎಂದು ಕಾದೆ. ಅವರು ಕರವಸ್ತ್ರ ತೆಗೆದು ಬೆರಳು ಒರೆಸಿಕೊಳ್ಳುತ್ತಿದ್ದರು. ತಡೆಯಲಾರದೆ ನಾನೇ ಎದ್ದೆ.

"ಮೇಷ್ಟ್ರೇ, ಆ ಹೆಂಚು ಎಲ್ಲಿಂದ ಬಂತು ಅನ್ನೋದನ್ನೂ ಹೇಳಿ. ನಡುಮನೇಲಿ ಒಲೆ ಇರಲಿಲ್ಲ ಅಂತ ನೀವೇ ಅಲ್ವಾ ಕಂಡುಹಿಡಿದದ್ದು?"

ಅವರು ನನ್ನ ಕಡೆ ನೋಡಿದರು. ಕಣ್ಣಲ್ಲಿ ಬೇಡಿಕೆಯಿತ್ತೋ, ಸಿಟ್ಟಿತ್ತೋ, ಇವತ್ತಿಗೂ ತಿಳಿಯದು. "ಪಂಚಾಯ್ತಿಯವರು ನನ್ನ ಕೇಳಿದ್ದು ಹೆಂಚಿನ ವಯಸ್ಸು ಟೀಚರಮ್ಮ. ಅದನ್ನ ಹೇಳಿದೀನಿ."

"ಕೂತ್ಕೊಳವ್ವ, ಮೇಷ್ಟ್ರು ಹೇಳುದ್ ಮ್ಯಾಲೆ ನಿಂದೇನು? ನಿಮ್ಮಕ್ಕನೇ ಒಪ್ಕೊಂಡವ್ಳೆ" ಎಂದರು ಹಿರಿಯರು. ನಾನು ಮತ್ತೆ ಮಸಿಯ ವಿಷಯ ಎತ್ತಿದೆ. ಮೈದುನ ನಕ್ಕ: "ಹೆಂಚು ನೆಕ್ಕೋರು ಅವ್ರು, ರುಚಿ ಹೇಳೋರು ಇವ್ರು!" ಜಗಲಿಯೆಲ್ಲ ನಕ್ಕಿತು. ಮೇಷ್ಟರು ನಗಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಎದ್ದರು.

ಮನೆ ಮೈದುನನಿಗೆ ಎಂದು ತೀರ್ಮಾನವಾಯಿತು. ಅಕ್ಕ ಮೈದುನನ ದೊಡ್ಡ ಮನೆಯಲ್ಲಿ ಊಟ ಬಟ್ಟೆಗೆ ಇರಬಹುದು ಎಂದರು. ಅಕ್ಕ ಆಡಿದ ಮಾತಿಗೆ ತಪ್ಪಲಿಲ್ಲ, ಎದುರಾಡಲೂ ಇಲ್ಲ. "ನನ್ನ ಮನೆ ಬಿಟ್ಟು ಇನ್ನೊಬ್ರ ಮನೆ ಊಟ ನಂಗೆ ಬ್ಯಾಡ" ಎಂದು ಎಮ್ಮೆಗಳನ್ನು ಪಕ್ಕದವರಿಗೆ ಒಪ್ಪಿಸಿ ನನ್ನ ಜೊತೆ ಗುಬ್ಬಿಗೆ ಹೊರಟಳು. ಟ್ರಂಕಿನಲ್ಲಿ ಸೀರೆಗಳ ನಡುವೆ ಪಂಚಾಯ್ತಿಯವರು ಜಗಲಿಯ ಮೇಲೆ ಬಿಟ್ಟುಹೋದ ಆ ಹೆಂಚನ್ನು ಸುತ್ತಿಟ್ಟುಕೊಂಡಿದ್ದಳು. "ಇದ್ಯಾಕಕ್ಕ?" ಎಂದೆ. "ಕೆಂಡ ತಗಳಕೆ ಬೇಕಾಗುತ್ತೆ" ಎಂದಳು.

ಮೇಷ್ಟರು ಯಾಕೆ ಹಾಗೆ ಮಾಡಿದರೆಂದು ನನಗೆ ತಿಳಿದದ್ದು ಅದೇ ವರ್ಷ, ಗುಬ್ಬಿಯಲ್ಲಿ ಒಂದು ಮದುವೆಯ ಊಟದ ಪಂಕ್ತಿಯಲ್ಲಿ. ಅವರ ಹೆಂಡತಿ ನನ್ನ ಪಕ್ಕದ ಎಲೆಗೆ ಕೂತರು. ಪಂಚಾಯ್ತಿಯ ವಿಷಯ ಅವರಿಗೆ ಏನೂ ಗೊತ್ತಿರಲಿಲ್ಲ. ಮುಖ ಅರಳಿಸಿಕೊಂಡು ಹೇಳಿದರು: "ಅಂತೂ ನಮ್ಮೆಜಮಾನ್ರಿಗೆ ರೂಮು ಸಿಕ್ತು ಕಣ್ರೀ! ಹೊಸ ಹೈಸ್ಕೂಲ್ ಕಟ್ಟಡದಲ್ಲಿ. ಅಮೃತೂರು ಕಡೆ ದೊಡ್ಡ ಕುಳ ಒಬ್ರು ಕಮಿಟೀಲಿದಾರಂತೆ. ಯುಗಾದಿಗೆ ಮುಂಚೇನೇ ಮಾತು ಕೊಟ್ಟಿದ್ರು. ಕಪಾಟೂ ಅವರದ್ದೇ, ಹಲಸಿನ ಮರದ್ದು. ನಿಮ್ಮಕ್ಕನ ಊರೋರೇ ಇರಬೇಕು, ಗೊತ್ತಾ ನಿಮಗೆ?"

"ಗೊತ್ತು" ಎಂದೆ. ಅಕ್ಕನ ಊರಿನಲ್ಲಿ ದೊಡ್ಡ ಕುಳ ಎಂದರೆ ಅವಳ ಮೈದುನ ಒಬ್ಬನೇ. ಎಲೆಯ ಮೇಲೆ ಚಿರೋಟಿ ಬಡಿಸಿದ್ದರು. ಹಾಲು ಹಾಕಿಸಿಕೊಳ್ಳದೆ ಹಾಗೆಯೇ ಎಲೆ ಮಡಚಿ ಎದ್ದೆ.

ಅವರು ಬಾಯಿಬಿಟ್ಟು ಸುಳ್ಳು ಹೇಳಿದ್ದರೆ ನಾನು ಇಷ್ಟು ನೊಂದುಕೊಳ್ಳುತ್ತಿರಲಿಲ್ಲವೇನೋ. ಮನುಷ್ಯ ಹೆದರಿದ, ಆಸೆಪಟ್ಟ, ಸುಳ್ಳಾಡಿದ ಎಂದು ಬಿಟ್ಟುಬಿಡಬಹುದಿತ್ತು. ಅವರು ತಮಗೆ ಗೊತ್ತಿದ್ದುದರಲ್ಲಿ ಮೊದಲನೆಯ ಪಾಠವನ್ನೇ, ನನಗೆ ನಿದ್ದೆಯಲ್ಲೂ ಬರುವಂತೆ ಕಲಿಸಿದ್ದನ್ನೇ, ನನ್ನ ಎದುರಿಗೇ ಕರವಸ್ತ್ರದಲ್ಲಿ ಒರೆಸಿಹಾಕಿದರು. ಈಗಲೂ ದಾರಿಯಲ್ಲಿ ಹೆಂಚಿನ ಚೂರು ಕಂಡರೆ ನನ್ನ ಕೈ ತಾನಾಗಿ ಚಾಚುತ್ತದೆ, ಹೆಬ್ಬೆರಳು ತಾನಾಗಿ ಉಜ್ಜುತ್ತದೆ. ಅವರು ಕಲಿಸಿದ ಕೈ. ಅದನ್ನು ಏನು ಮಾಡಲಿ?

ಅವರ ರೂಮನ್ನು ಶ್ರದ್ಧಾಂಜಲಿಯ ದಿನ ಮೊದಲ ಸಲ ನೋಡಿದೆ. ಚೆನ್ನಾಗಿದೆ, ಹಾಗೆ ಹೇಳದೆ ಇರಲಾರೆ. ಚೂರು ಚೂರಿಗೂ ಚೀಟಿ, ಮಣಿ ಪೋಣಿಸಿದಂಥ ಅಕ್ಷರ. ಮಕ್ಕಳು ಸಾಲಾಗಿ ನಿಂತು ನೋಡುತ್ತಿದ್ದರು.

ಅದಕ್ಕೂ ಹಿಂದೆ, ಅವರು ರಿಟೈರಾದ ಮೇಲೆ, ಒಂದೇ ಒಂದು ಸಲ ನಮ್ಮ ಮನೆಗೆ ಬಂದಿದ್ದರು. ಒಂದು ಶುಕ್ರವಾರ ಸಾಯಂಕಾಲ. ಗುಬ್ಬಿಯಲ್ಲಿ ಯಾರನ್ನೋ ನೋಡಲು ಬಂದವರು, ರೈಲಿಗೆ ಇನ್ನೂ ಹೊತ್ತಿದೆ ಎಂದು ಬಾಗಿಲಲ್ಲಿ ನಿಂತಿದ್ದರು. ಬಹಳ ಇಳಿದುಹೋಗಿದ್ದರು. ಕೋಟಿನ ಜೇಬು ಬರಿದಾಗಿತ್ತು. ಅಕ್ಕ, "ಬನ್ನಿ ಮೇಷ್ಟ್ರೇ" ಎಂದು ಚಾಪೆ ಹಾಸಿ ಕಾಫಿಗೆ ಒಳಗೆ ಹೋದಳು. ನಾನು ಮಳೆ, ರಾಗಿ, ಅವರ ಮೊಣಕಾಲು ನೋವು ಎಂದು ಏನೇನೋ ಮಾತಾಡಿದೆ. ಹಳೆಯ ವಿಷಯ ಅವರೂ ಎತ್ತಲಿಲ್ಲ.

ದೇವರಿಗೆ ಸಾಂಬ್ರಾಣಿ ಹಾಕಲೆಂದು ಅಕ್ಕ ತೊಳೆದಿಟ್ಟ ಹೆಂಚು ಅಡುಗೆಮನೆಯ ಹೊಸ್ತಿಲ ಪಕ್ಕ ಒರಗಿಕೊಂಡಿತ್ತು. ಮಾತಿನ ನಡುವೆ ಮೇಷ್ಟರ ಕೈ ಅದರ ಕಡೆ ಹೋಯಿತು. ಅಭ್ಯಾಸ. ಎತ್ತಿಕೊಂಡರು, ಗಿಣ್ಣಿನಿಂದ ತಟ್ಟಿದರು, ಮಗುಚಿ ಹೆಬ್ಬೆರಳಿನಿಂದ ಉಜ್ಜಿದರು. ಎಷ್ಟೋ ದಿನದ ಮೇಲೆ ಮುಖಕ್ಕೆ ಬೆಳಕು ಬಂದ ಹಾಗಿತ್ತು.

"ನಾಡಹೆಂಚು. ಒಳ್ಳೇ ಮಣ್ಣು. ದೊಡ್ಡ ಬರಕ್ಕಿಂತ ಹಿಂದಿನ..."

ಮುರಿದ ಮೂಲೆ ಅವರ ಬೆರಳಿಗೆ ಸಿಕ್ಕಿತು. ತಾವೇ ಮುರಿದ ಮೂಲೆ. ಮಾತು ಅಲ್ಲಿಗೇ ನಿಂತಿತು.

ಅಕ್ಕ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಕೊಂಕೂ ಇರಲಿಲ್ಲ.

"ಮುಂದೆ?" ಎಂದಳು.

ಮೇಷ್ಟರು ಹೆಂಚನ್ನು ಸದ್ದಾಗದ ಹಾಗೆ ನೆಲಕ್ಕಿಟ್ಟರು. ಕೈ ನೋಡಿಕೊಂಡರು. "ಕೈ ಮಸಿಯಾಯ್ತು, ಸ್ವಲ್ಪ ನೀರು ಕೊಡಿ" ಎಂದರು. ಅಕ್ಕ ಲೋಟ ಕೆಳಗಿಟ್ಟು ಚೊಂಬಿನಲ್ಲಿ ನೀರು ತಂದು, ಹಿತ್ತಲ ಕಲ್ಲಿನ ಹತ್ತಿರ ಅವರ ಕೈಮೇಲೆ ಸುರಿದಳು. ಚೊಂಬು ಖಾಲಿಯಾಗುವವರೆಗೂ ಉಜ್ಜಿದರು. ಹಳೆಯ ಅಡುಗೆಹೊಗೆಯ ಮಸಿ, ಅಷ್ಟು ಸುಲಭಕ್ಕೆ ಹೋಗುವುದಲ್ಲ. ಪಂಚೆಯ ಅಂಚಿಗೆ ಒರೆಸಿಕೊಂಡು, ರೈಲಿಗೆ ಹೊತ್ತಾಯಿತು ಎಂದು ಹೊರಟುಹೋದರು.

ಅಕ್ಕ ಒಳಗೆ ಬಂದು ಹೆಂಚನ್ನು ಎತ್ತಿಕೊಂಡು, ಒಲೆಯಿಂದ ಕೆಂಡ ತುಂಬಿಕೊಂಡು ದೇವರ ಮುಂದೆ ಸಾಂಬ್ರಾಣಿ ಹಾಕಿದಳು. ಅವರಿಗೆಂದು ತಂದ ಕಾಫಿ ಹೊಸ್ತಿಲ ಮೇಲೆ ಕೆನೆಗಟ್ಟುತ್ತ ಕೂತಿತ್ತು.